ಗಡಿಯಾಚೆಯ ಬ್ಯಾಂಕು, ಗಡಿಯೀಚೆಯ ಖಾತೆದಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಈ ಐದೂ ತಾಲ್ಲೂಕುಗಳ ಮನೆತನಗಳ ಬಾಳುವೆ ಗಡಿಯ ಎರಡೂ ಬದಿಗೆ ಹರಡಿಕೊಂಡಿದೆ. ಹೊಲ ಈಚೆಗಿದ್ದರೆ ಪೇಟೆ ಆಚೆಗೆ. ಮಗಳ ತವರು ಈಚೆಗಿದ್ದರೆ ಅತ್ತೆಯ ಮನೆ ಆಚೆಗೆ. ಅಥಣಿಯವರಿಗೆ ಜಿಲ್ಲಾ ಕೇಂದ್ರವಾದ ಬೆಳಗಾವಿ ನೂರು ಕಿಲೋಮೀಟರಿಗೂ ಮಿಕ್ಕಿ ದೂರ. ಮಿರಜ ಅದರ ಅರ್ಧದಷ್ಟೂ ಇಲ್ಲ. ಕಾಗವಾಡದವರಿಗಂತೂ ಮಿರಜವೆಂದರೆ ಪಕ್ಕದ ಊರು. ನಿಪ್ಪಾಣಿಯವರಿಗೆ ಕೊಲ್ಲಾಪುರ, ಚಿಕ್ಕೋಡಿ ಭಾಗದ ಮಗ್ಗದ ಕೆಲಸದವರಿಗೆ ಇಚಲಕರಂಜಿ ನಿತ್ಯದ ದಾರಿ. ಆಸ್ಪತ್ರೆ, ಬಟ್ಟೆ, ಬಂಗಾರ, ಕಾಲೇಜು ಎಲ್ಲಕ್ಕೂ ಹೋಗುವ ಊರಿನಲ್ಲಿಯೇ ಬ್ಯಾಂಕಿನ ಖಾತೆಯನ್ನೂ ತೆರೆದಿಟ್ಟವರು ನಮ್ಮಲ್ಲಿ ಸಾವಿರಾರು ಮಂದಿ.

ಈ ಗಡಿ ನಮಗೆ ಹೊಸದೂ ಅಲ್ಲ. ಅಥಣಿ, ಚಿಕ್ಕೋಡಿಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ ನೆರೆಯ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಊರುಗಳೆಲ್ಲ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಗಡಿಯ ಗೆರೆ ಎಲ್ಲಿಯೇ ಇರಲಿ, ಜನರ ಕೊಡು-ಕೊಳ್ಳುವಿಕೆ ನಿಲ್ಲಲಿಲ್ಲ. ಆದರೆ ವ್ಯವಹಾರ ಸರಾಗವಾಗಿರುವತನಕ ಕಾಣದ ಈ ಗೆರೆ, ತಂಟೆಯೊಂದು ಹುಟ್ಟಿದ ದಿನ ಗೋಡೆಯಾಗಿ ಎದುರು ನಿಲ್ಲುತ್ತದೆ. ‘ನಿಮ್ಮ ಖಾತೆ ಆ ರಾಜ್ಯದ್ದು, ಅಲ್ಲಿಯೇ ಕೇಳಿ’ ಎಂಬ ಒಂದು ಮಾತಿಗೆ ಎಷ್ಟೋ ಜನ ತಮ್ಮ ನ್ಯಾಯವಾದ ಹಣವನ್ನು ಕೈಬಿಟ್ಟಿದ್ದಾರೆ. ಹಾಗೆ ಕೈಬಿಡಬೇಕಾದ ಅಗತ್ಯ ಇಂದು ಇಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎಂಟು ಸಾವಿರದ ಕಥೆ

ನನ್ನ ಸೋದರಮಾವ ಕೃಷ್ಣಾ ತೀರದ ಒಂದು ಹಳ್ಳಿಯ ರೈತ. ಅವರ ಉಳಿತಾಯ ಖಾತೆ ಗಡಿಯಾಚೆಯ ಪಟ್ಟಣವೊಂದರ ಬ್ಯಾಂಕ್ ಶಾಖೆಯಲ್ಲಿತ್ತು. 2022ರ ಏಪ್ರಿಲ್ 4ರಂದು ಅವರು ಅಥಣಿಗೆ ಬಂದಾಗ, ಬೇರೊಂದು ಬ್ಯಾಂಕಿನ ಎ.ಟಿ.ಎಂ.ನಲ್ಲಿ ಎಂಟು ಸಾವಿರ ರೂಪಾಯಿ ತೆಗೆಯಲು ಯತ್ನಿಸಿದರು. ಯಂತ್ರ ಗುರುಗುಟ್ಟಿ ಸುಮ್ಮನಾಯಿತು, ನೋಟು ಹೊರಬರಲಿಲ್ಲ. ಮೊಬೈಲಿಗೆ ಮಾತ್ರ ಎಂಟು ಸಾವಿರ ಕಡಿತವಾಗಿದೆಯೆಂಬ ಸಂದೇಶ ಬಂದಿತು.

ಯಂತ್ರ ಇದ್ದ ಬ್ಯಾಂಕಿಗೆ ಹೋದರೆ, ‘ಖಾತೆ ನಮ್ಮದಲ್ಲ, ನಿಮ್ಮ ಬ್ಯಾಂಕಿಗೆ ಹೋಗಿ’ ಎಂದರು. ಖಾತೆ ಇದ್ದ ಶಾಖೆಗೆ ಹೋದರೆ, ‘ಯಂತ್ರ ನಮ್ಮದಲ್ಲ, ಕರ್ನಾಟಕದ್ದು, ಅವರನ್ನೇ ಕೇಳಿ’ ಎಂದರು. ಒಂದು ತಿಂಗಳು ಹೀಗೆ ಬಸ್ಸಿನಲ್ಲಿಯೇ ಕಳೆಯಿತು. ‘ಹೋಗ್ಲಿ ಬಿಡೋ, ಎಂಟು ಸಾವಿರಕ್ಕ ಎಷ್ಟ್ ಅಡ್ಡಾಡೂದು?’ ಎಂದು ಮಾವ ನಿಟ್ಟುಸಿರಿಟ್ಟರು. ಆಗ ಒಳಗಿನಿಂದ ಅತ್ತೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ: ‘ಅದು ಎಮ್ಮಿ ಹಾಲ ಮಾರಿ ಕೂಡಿಟ್ಟ ರೊಕ್ಕ. ಯಾರ್ದೋ ಪಾಲಾಗಾಕ ನಾ ಬಿಡೂದಿಲ್ಲ.’ ಬೆಳಗಿನ ಜಾವಕ್ಕೆದ್ದು ದುಡಿದ ಕಾಯಕದ ಹಣವದು. ಕೇಳಬೇಕಾದುದು ಹಠದಿಂದಲ್ಲ, ನ್ಯಾಯದಿಂದ ಎಂದು ನಾವೆಲ್ಲ ಕುಳಿತು ಯೋಚಿಸಿದೆವು.

ಮೊದಲು ತಿಳಿದ ಸಂಗತಿಯೆಂದರೆ, ಇಂಥ ಪ್ರಸಂಗದಲ್ಲಿ ಯಾರ ಯಂತ್ರವೆಂಬ ಚರ್ಚೆ ಗ್ರಾಹಕನದಲ್ಲ. ಎ.ಟಿ.ಎಂ. ಯಾವ ಬ್ಯಾಂಕಿನದೇ ಆಗಿರಲಿ, ದೂರನ್ನು ಕಾರ್ಡು ಕೊಟ್ಟ ಬ್ಯಾಂಕಿಗೇ ಸಲ್ಲಿಸಬೇಕು; ಆ ಬ್ಯಾಂಕು ಇನ್ನೊಂದು ಬ್ಯಾಂಕಿನೊಡನೆ ಲೆಕ್ಕ ಸರಿಪಡಿಸಿಕೊಳ್ಳಬೇಕು. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಎ.ಟಿ.ಎಂ.ನಿಂದ ಹಣ ಬಾರದೆ ಖಾತೆಯಿಂದ ಕಡಿತವಾದರೆ, ವ್ಯವಹಾರ ನಡೆದ ದಿನದ ನಂತರದ ಐದು ದಿನಗಳೊಳಗೆ ಅದನ್ನು ಮರಳಿ ಜಮಾ ಮಾಡಬೇಕು. ತಡವಾದರೆ ದಿನವೊಂದಕ್ಕೆ ನೂರು ರೂಪಾಯಿಯಂತೆ ಪರಿಹಾರವನ್ನು ಗ್ರಾಹಕ ಕೇಳದಿದ್ದರೂ ಕೊಡಬೇಕು.

ಮೇ 2ರಂದು ಮಾವ ಕನ್ನಡದಲ್ಲಿಯೇ ಒಂದು ಪುಟದ ದೂರು ಬರೆದರು. ದಿನಾಂಕ, ವೇಳೆ, ಯಂತ್ರವಿದ್ದ ಸ್ಥಳ, ಮೊತ್ತ, ಖಾತೆಯ ಕೊನೆಯ ನಾಲ್ಕು ಅಂಕಿ – ಇಷ್ಟೇ ಅದರಲ್ಲಿದ್ದುದು. ಜೊತೆಗೆ ಪಾಸ್‌ಬುಕ್ಕಿನ ಪ್ರತಿ. ಶಾಖೆಯವರು ಬಾಯಿಮಾತಿನಲ್ಲಿ ‘ನೋಡೋಣ’ ಎಂದಾಗ, ‘ನೋಡಿ, ಆದರೆ ಈ ಪ್ರತಿಯ ಮೇಲೆ ಮುದ್ರೆಯೊತ್ತಿ ಕೊಡಿ’ ಎಂದು ನಿಂತುಕೊಂಡರು. ಆ ಒಂದು ಮುದ್ರೆಯೇ ಮುಂದಿನ ಎಲ್ಲ ಕೆಲಸದ ಬುನಾದಿಯಾಯಿತು. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಜೂನ್ 6ರಂದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಹೋಯಿತು. ಜುಲೈ 18ರಂದು ಎಂಟು ಸಾವಿರ ಖಾತೆಗೆ ಮರಳಿತು. ಪರಿಹಾರದ ಮಾತೇ ಇರಲಿಲ್ಲ. ಏಪ್ರಿಲ್ 9ರ ಗಡುವು ಮೀರಿ ನೂರು ದಿನ ಸಂದಿವೆಯೆಂದು ಲೆಕ್ಕ ಹಾಕಿ ಮತ್ತೆ ಬರೆದ ಮೇಲೆ, ಆಗಸ್ಟಿನಲ್ಲಿ ಹತ್ತು ಸಾವಿರವೂ ಬಂದಿತು. ಮಾವ ಆ ದಿನ ಹೇಳಿದ್ದಿಷ್ಟು: ‘ರೊಕ್ಕ ಬಂದದ್ದಕ್ಕಿಂತ, ನಮ್ಮ ಮಾತ ಒಬ್ಬರು ಓದಿದ್ರಲ್ಲ, ಅದು ದೊಡ್ಡದು.’

ಓಂಬುಡ್ಸ್‌ಮನ್: ಗಡಿಯಿಲ್ಲದ ಬಾಗಿಲು

ಈ ಬಾಗಿಲು ಮೊದಲು ಇಷ್ಟು ಸಲೀಸಾಗಿರಲಿಲ್ಲ. 2006ರ ಹಳೆಯ ಯೋಜನೆಯಲ್ಲಿ, ಶಾಖೆ ಯಾವ ಓಂಬುಡ್ಸ್‌ಮನ್ ಅವರ ವ್ಯಾಪ್ತಿಯಲ್ಲಿದೆಯೋ ಅವರಲ್ಲಿಗೇ ಹೋಗಬೇಕಾಗಿತ್ತು. ಅಥಣಿಯ ಶಾಖೆಗೆ ಬೆಂಗಳೂರು, ಮಿರಜದ ಶಾಖೆಗೆ ಮಹಾರಾಷ್ಟ್ರದ ಕಚೇರಿ. 2021ರ ನವೆಂಬರ್ 12ರಂದು ಜಾರಿಗೆ ಬಂದ ಸಮಗ್ರ ಓಂಬುಡ್ಸ್‌ಮನ್ ಯೋಜನೆ ಈ ಪ್ರಾದೇಶಿಕ ಹಂಚಿಕೆಯನ್ನೇ ತೆಗೆದುಹಾಕಿತು. ದೇಶದ ಯಾವ ಮೂಲೆಯ ದೂರಾದರೂ ಚಂಡೀಗಢದ ಒಂದೇ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿಯೋ, ರಿಸರ್ವ್ ಬ್ಯಾಂಕಿನ ದೂರು ಜಾಲತಾಣದ ಮೂಲಕವೋ ಹೋಗುತ್ತದೆ. 14448 ಎಂಬ ದೂರವಾಣಿಯಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾಹಿತಿ ದೊರೆಯುತ್ತದೆ.

ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಆದರೆ ಮೂರು ನಿಯಮಗಳನ್ನು ಮರೆಯಬಾರದು. ಮೊದಲನೆಯದು, ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟಿರಬೇಕು. ಅದು ತಿರಸ್ಕೃತವಾಗಿರಬೇಕು, ಅದರ ಉತ್ತರ ತೃಪ್ತಿ ತಾರದಿರಬೇಕು, ಇಲ್ಲವೆ ಮೂವತ್ತು ದಿನ ಉತ್ತರವೇ ಬಂದಿರಬಾರದು. ಎರಡನೆಯದು, ಬ್ಯಾಂಕಿನ ಉತ್ತರ ಬಂದ ಮೇಲೆ ಯೋಜನೆಯ ಗಡುವಿನೊಳಗೆ ಓಂಬುಡ್ಸ್‌ಮನ್ ಬಾಗಿಲು ತಟ್ಟಬೇಕು. ಮೂರನೆಯದು, ಅದೇ ವಿಷಯ ನ್ಯಾಯಾಲಯದಲ್ಲಿಯೋ ಗ್ರಾಹಕ ಆಯೋಗದಲ್ಲಿಯೋ ನಡೆಯುತ್ತಿರಬಾರದು. ಆದ್ದರಿಂದ ಕ್ರಮ ಮುಖ್ಯ: ಮೊದಲು ಬ್ಯಾಂಕು, ಅನಂತರ ಓಂಬುಡ್ಸ್‌ಮನ್, ಅಲ್ಲಿಯೂ ಆಗದಿದ್ದರೆ ಆಯೋಗ. ಕ್ರಮ ತಪ್ಪಿಸಿ ಮೊದಲೇ ಆಯೋಗಕ್ಕೆ ಹೋದವರಿಗೆ ಈ ಉಚಿತ ಬಾಗಿಲು ಮುಚ್ಚಿಹೋಗುತ್ತದೆ.

ದಾವೆ ಎಲ್ಲಿ ಹೂಡಬೇಕು?

ಗಡಿಭಾಗದವರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ 11ನೆಯ ಕಲಮಿನಂತೆ, ಎದುರುಪಕ್ಷ ಎಲ್ಲಿದೆಯೋ ಅಥವಾ ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿಯೇ ದೂರು ಕೊಡಬೇಕಿತ್ತು. ಅನಂತರ ಬಂದ ತಿದ್ದುಪಡಿ ‘ಶಾಖಾ ಕಚೇರಿ ಇರುವಲ್ಲಿ’ ಎಂಬ ಮಾತನ್ನು ಸೇರಿಸಿತು. ಬೆಳಗಾವಿಯಲ್ಲಿಯೂ ಆ ಬ್ಯಾಂಕಿನ ಶಾಖೆಯಿದ್ದರೆ ಬೆಳಗಾವಿಯಲ್ಲಿಯೇ ಕೇಳಬಹುದೆಂದು ಜನ ಭಾವಿಸಿದರು. ಆದರೆ 2009ರ ಅಕ್ಟೋಬರ್ 20ರಂದು ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಸೆಗೆ ಮಿತಿ ಹಾಕಿತು. ಅಂಬಾಲಾದ ಗೋದಾಮಿಗೆ ಬೆಂಕಿ ಬಿದ್ದಿತ್ತು. ವಿಮೆ ತೆಗೆದುಕೊಂಡದ್ದೂ ಪರಿಹಾರ ಕೇಳಿದ್ದೂ ಅಂಬಾಲಾದಲ್ಲಿಯೇ. ವಿಮಾ ಕಂಪನಿಯ ಶಾಖೆಯೊಂದು ಚಂಡೀಗಢದಲ್ಲಿದೆಯೆಂಬ ಕಾರಣಕ್ಕೆ ಅಲ್ಲಿ ದೂರು ನಡೆಯದು. ವ್ಯಾಜ್ಯಕ್ಕೆ ಸಂಬಂಧಿಸಿದ ಶಾಖೆ ಇರುವಲ್ಲಿ ಮಾತ್ರ ಹೋಗಬೇಕೆಂದು ತೀರ್ಪಾಯಿತು. ಹೀಗಾಗಿ ಮಿರಜ, ಜಯಸಿಂಗಪುರದ ಖಾತೆಯವರು ಸಾಂಗಲಿಗೋ ಕೊಲ್ಲಾಪುರಕ್ಕೋ ಎಡತಾಕುವುದು ಅನಿವಾರ್ಯವಾಯಿತು.

2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂದು ಈ ತೊಡಕನ್ನು ಬಿಡಿಸಿತು. ಅದರ 34ನೆಯ ಕಲಮಿನಂತೆ, ಹಳೆಯ ಸ್ಥಳಗಳ ಜೊತೆಗೆ, ದೂರುದಾರ ಎಲ್ಲಿ ವಾಸಿಸುತ್ತಾನೋ ಅಥವಾ ಸ್ವತಃ ದುಡಿಯುತ್ತಾನೋ ಅಲ್ಲಿಯ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸರಳವಾಗಿ ಹೇಳುವುದಾದರೆ, ಖಾತೆ ಕೊಲ್ಲಾಪುರದಲ್ಲಿದ್ದರೂ ನಿಪ್ಪಾಣಿಯ ನಿವಾಸಿ ಬೆಳಗಾವಿಯ ಜಿಲ್ಲಾ ಆಯೋಗದಲ್ಲಿ ಕನ್ನಡದಲ್ಲಿ ತನ್ನ ಅಳಲನ್ನು ಹೇಳಿಕೊಳ್ಳಬಹುದು. ಬ್ಯಾಂಕೇ ಇಲ್ಲಿಗೆ ಬಂದು ಉತ್ತರ ಕೊಡಬೇಕು. ಇಚಲಕರಂಜಿಯಲ್ಲಿ ದುಡಿಯುವ ಚಿಕ್ಕೋಡಿಯ ತರುಣನಿಗೆ ಎರಡೂ ದಾರಿ ತೆರೆದಿವೆ. ತನಗೆ ಅನುಕೂಲವಾದುದನ್ನು ಅವನು ಆರಿಸಿಕೊಳ್ಳಬಹುದು. ವಾಸಸ್ಥಳದ ಪುರಾವೆಗಾಗಿ ಆಧಾರ್ ಕಾರ್ಡು, ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿಯ ಪ್ರತಿಯನ್ನು ದೂರಿಗೆ ಲಗತ್ತಿಸುವುದು ಒಳಿತು.

ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ ಈ ಸೌಲಭ್ಯವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮು ಇಂದಿಗೂ ಪ್ರತಿವಾದಿಯ ಊರನ್ನೋ ವ್ಯಾಜ್ಯದ ಕಾರಣ ಹುಟ್ಟಿದ ಊರನ್ನೋ ನೋಡುತ್ತದೆ. ಅಲ್ಲಿ ಡಿಕ್ರಿ ಪಡೆದರೂ ಬೇರೆ ರಾಜ್ಯದಲ್ಲಿ ಅಮಲುಮಾಡಬೇಕಾದರೆ 39ನೆಯ ಕಲಮಿನಂತೆ ಅದನ್ನು ವರ್ಗಾಯಿಸಬೇಕಾಗುತ್ತದೆ. ಸಣ್ಣ ಮೊತ್ತಕ್ಕೆ ಗ್ರಾಹಕ ಆಯೋಗವೇ ಲೇಸೆನ್ನುವುದು ಇದಕ್ಕಾಗಿ.

ಆಯೋಗದ ಮುಂದೆ

ಗ್ರಾಹಕನು ಪಾವತಿಸಿದ ಪ್ರತಿಫಲ ಐವತ್ತು ಲಕ್ಷ ರೂಪಾಯಿ ಮೀರದ ದೂರುಗಳನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ. ಆ ಪ್ರತಿಫಲ ಐದು ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. 2025ರ ಜನವರಿ 1ರಂದು ಆರಂಭವಾದ ‘ಇ-ಜಾಗೃತಿ’ ಜಾಲತಾಣದ ಮೂಲಕ ಮನೆಯಿಂದಲೇ ದೂರು ದಾಖಲಿಸಬಹುದು. ಅರ್ಜಿ ಕೊಟ್ಟರೆ ದೃಶ್ಯ ಸಂವಾದದ ಮೂಲಕ ವಿಚಾರಣೆಗೆ ಹಾಜರಾಗುವ ಅವಕಾಶವನ್ನೂ ಕಾಯಿದೆ ಕೊಟ್ಟಿದೆ. ಅಥಣಿಯಿಂದ ಬೆಳಗಾವಿಗೆ ಒಂದು ದಿನದ ಪ್ರಯಾಣ ಉಳಿಯಿತೆಂದರೆ ಒಂದು ದಿನದ ಕೂಲಿ ಉಳಿದಂತೆ.

ಬ್ಯಾಂಕು ಉತ್ತರ ಕೊಡಲು ಮೂವತ್ತು ದಿನ, ಆಯೋಗ ಒಪ್ಪಿದರೆ ಇನ್ನೂ ಹದಿನೈದು ದಿನ. ಅದಕ್ಕಿಂತ ಹೆಚ್ಚಿನ ಕಾಲಾವಕಾಶವಿಲ್ಲವೆಂದು 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ವಸ್ತುವಿನ ಪರೀಕ್ಷೆ ಬೇಡದ ಪ್ರಕರಣಗಳನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಅನುಭವದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಬೇಕು.

ಆಜ್ಞೆಯಾದ ಮೇಲೆ ಬ್ಯಾಂಕು ಮೇಲ್ಮನವಿಗೆ ಹೋಗಬೇಕಾದರೆ ನಲವತ್ತೈದು ದಿನಗಳೊಳಗೆ, ಆಜ್ಞೆಯ ಮೊತ್ತದ ಅರ್ಧವನ್ನು ಠೇವಣಿಯಿಟ್ಟು ರಾಜ್ಯ ಆಯೋಗಕ್ಕೆ ಹೋಗಬೇಕು. ಬೆಳಗಾವಿಯ ಆಜ್ಞೆಯ ಮೇಲ್ಮನವಿ ಕರ್ನಾಟಕದ ಆಯೋಗಕ್ಕೇ ಸಲ್ಲುತ್ತದೆ. ಆಜ್ಞೆಯನ್ನು ಪಾಲಿಸದಿದ್ದರೆ 71ನೆಯ ಕಲಮಿನಂತೆ ಸಿವಿಲ್ ಡಿಕ್ರಿಯ ಹಾಗೆ ವಸೂಲಿ ನಡೆಯುತ್ತದೆ. 72ನೆಯ ಕಲಮಿನಂತೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ದೂರಿನಲ್ಲಿ ಏನು ಕೇಳಬೇಕೆಂಬುದನ್ನೂ ಅಳತೆಯಿಂದ ಬರೆಯಬೇಕು. ಕಳೆದುಕೊಂಡ ಮೊತ್ತ, ನಿಯಮದಂತೆ ಬರಬೇಕಾದ ಪರಿಹಾರ, ಬಡ್ಡಿ, ಓಡಾಟದ ವೆಚ್ಚ ಇವುಗಳ ಲೆಕ್ಕವಿರಲಿ. ಎಂಟು ಸಾವಿರದ ವಿಷಯಕ್ಕೆ ಎಂಟು ಲಕ್ಷದ ಮಾನಸಿಕ ವ್ಯಥೆ ಬರೆದರೆ ನಮ್ಮ ನಿಜವಾದ ನೋವೂ ಹಗುರಾಗಿ ಕಾಣುತ್ತದೆ. ಎ.ಟಿ.ಎಂ. ಪ್ರಕರಣವಾದರೆ ಮೊದಲ ದೂರಿನಲ್ಲಿಯೇ ಕ್ಯಾಮೆರಾ ಚಿತ್ರಣವನ್ನೂ ಯಂತ್ರದ ದಾಖಲೆಯನ್ನೂ ಕಾಯ್ದಿಡುವಂತೆ ಕೇಳಬೇಕು. ಚಿತ್ರಣ ಬಹುಕಾಲ ಉಳಿಯುವುದಿಲ್ಲ.

ರಾಜಿಯಾಗುವ ಮನಸ್ಸು ಎರಡೂ ಕಡೆ ಇದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನ ದಾರಿಯೂ ಉಂಟು. ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ ಎಂಬುದನ್ನು ನಮ್ಮ ತಾಯಂದಿರು ತಿಳಿದಿರಬೇಕು.

ಪತ್ತಿನ ಸಂಘ ಬ್ಯಾಂಕಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಭಾರತದಲ್ಲಿ ಸಹಕಾರಿ ಚಳವಳಿಯ ಮೊದಮೊದಲ ಪತ್ತಿನ ಸಂಘಗಳಲ್ಲೊಂದು 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿತೆಂಬ ಹೆಮ್ಮೆ ನಮ್ಮದು. ಇಂದು ಗಡಿಯ ಎರಡೂ ಬದಿಗೆ ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು, ಬಹುರಾಜ್ಯ ಸಹಕಾರಿ ಸಂಘಗಳು ಬೆಳೆದಿವೆ. ಅವುಗಳಲ್ಲಿ ಒಳ್ಳೆಯವು ಬಹಳ. ಆದರೆ ಫಲಕದ ಮೇಲಿನ ಅಕ್ಷರಗಳು ದೊಡ್ಡವಾದ ಮಾತ್ರಕ್ಕೆ ಪತ್ತಿನ ಸಂಘ ಬ್ಯಾಂಕಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವಕ್ಕೆ ಅನ್ವಯಿಸುವುದಿಲ್ಲ. ಬ್ಯಾಂಕಿನ ಠೇವಣಿಗಳಿಗೆ 2020ರ ಫೆಬ್ರವರಿ 4ರಿಂದ ಇರುವ ಐದು ಲಕ್ಷ ರೂಪಾಯಿಯ ವಿಮೆಯೂ ಅವುಗಳ ಠೇವಣಿಗಿಲ್ಲ.

ಹಾಗೆಂದು ಅಲ್ಲಿಯ ಠೇವಣಿದಾರ ಅನಾಥನಲ್ಲ. ಬಹುರಾಜ್ಯ ಸಂಘಗಳ 2002ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಸದಸ್ಯರ ಠೇವಣಿಯ ದೂರು ಕೇಳಲು ಸಹಕಾರಿ ಓಂಬುಡ್ಸ್‌ಮನ್ ಹುದ್ದೆಯನ್ನು ಕಲ್ಪಿಸಲಾಗಿದೆ. ರಾಜ್ಯದ ಸಂಘಗಳಿಗೆ ಸಹಕಾರ ಇಲಾಖೆಯ ನಿಬಂಧಕರಿದ್ದಾರೆ. ಅದಲ್ಲದೆ, ಸಹಕಾರಿ ಕಾನೂನಿನಲ್ಲಿ ಪರಿಹಾರ ಮಾರ್ಗವಿದ್ದರೂ ಸದಸ್ಯ ಗ್ರಾಹಕ ವೇದಿಕೆಗೆ ಹೋಗುವುದಕ್ಕೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2003ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ತಿರುಮುರುಗನ್ ಸಹಕಾರಿ ಸಂಘದ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ಮಿತಿ ವ್ಯಾಪಾರಸ್ಥರಿಗೆ ಸಂಬಂಧಿಸಿದ್ದು. ನಿಪ್ಪಾಣಿಯ ತಂಬಾಕಿನ ವರ್ತಕನೊಬ್ಬ ವ್ಯಾಪಾರ ಹಿಗ್ಗಿಸಲು ತೆಗೆದುಕೊಂಡ ಓವರ್‌ಡ್ರಾಫ್ಟಿನ ತಂಟೆಯನ್ನು ಗ್ರಾಹಕ ಆಯೋಗ ಕೇಳಲಾರದು. ವಾಣಿಜ್ಯ ಉದ್ದೇಶದ ಸೇವೆ ಪಡೆದವನು ‘ಗ್ರಾಹಕ’ನಲ್ಲವೆಂಬುದನ್ನು 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥದೇ ಓವರ್‌ಡ್ರಾಫ್ಟ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮನೆಯ ಉಳಿತಾಯ ಖಾತೆ, ಮುದ್ದತು ಠೇವಣಿ, ಪಿಂಚಣಿಯ ಖಾತೆಗಳಿಗೆ ಈ ಅಡ್ಡಿಯಿಲ್ಲ.

ಮನೆಯವರೆಲ್ಲ ತಿಳಿಯಬೇಕಾದುದು

ಬಂಧುಗಳೇ, ಸಾಲ ತೀರಿಸುವುದರಲ್ಲಿ ನಮ್ಮ ಹಿರಿಯರು ಮಾತಿಗೆ ತಪ್ಪಿದವರಲ್ಲ. ಬ್ಯಾಂಕಿಗೆ ನಾವು ಕೊಡಬೇಕಾದುದನ್ನು ಗಡುವಿಗೆ ಕೊಡುವುದು ಎಷ್ಟು ಧರ್ಮವೋ, ಬ್ಯಾಂಕಿನಿಂದ ನಮಗೆ ಬರಬೇಕಾದುದನ್ನು ಕೇಳಿ ಪಡೆಯುವುದೂ ಅಷ್ಟೇ ಧರ್ಮ. ಕೌಂಟರಿನ ಹಿಂದೆ ಕುಳಿತವರೂ ನಮ್ಮಂತೆಯೇ ದುಡಿಯುವ ಜನ. ಅವರೊಡನೆ ಜಗಳವಾಡಿ ಗಂಟಲು ಹರಿದುಕೊಳ್ಳುವುದರಿಂದ ಫಲವಿಲ್ಲ. ಒಂದು ಹಾಳೆ, ಒಂದು ದಿನಾಂಕ, ಒಂದು ಮುದ್ರೆ – ಇವು ನೂರು ಮಾತಿಗಿಂತ ಗಟ್ಟಿ.

ಇಂದೇ ಸಂಜೆ ಮನೆಯ ಎಲ್ಲ ಪಾಸ್‌ಬುಕ್ಕುಗಳನ್ನು ಒಂದೆಡೆ ತಂದು ನೋಡಿರಿ. ಯಾವ ಖಾತೆ ಯಾವ ರಾಜ್ಯದ ಯಾವ ಶಾಖೆಯಲ್ಲಿದೆ, ಅದು ಬ್ಯಾಂಕೋ ಸಂಘವೋ, ನಾಮನಿರ್ದೇಶನವಾಗಿದೆಯೋ ಇಲ್ಲವೋ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಆ ಪುಸ್ತಕ ಎಲ್ಲಿದೆಯೆಂಬುದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ.

ನಮ್ಮ ಮಾವ ಈಗಲೂ ಗಡಿಯಾಚೆಯ ಅದೇ ಶಾಖೆಗೆ ಹೋಗುತ್ತಾರೆ, ಖಾತೆಯನ್ನು ಮುಚ್ಚಲಿಲ್ಲ. ಮುದ್ರೆ ಬಿದ್ದ ಆ ಹಾಳೆಯನ್ನು ಮಾತ್ರ ಅತ್ತೆ ಹೊಲದ ಉತಾರೆಯ ಜೊತೆಗೆ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾರೆ. ಊರಿನಲ್ಲಿ ಯಾರಾದರೂ ‘ಅದು ಮಹಾರಾಷ್ಟ್ರದ ಬ್ಯಾಂಕ, ನಮ್ಮ ಕೈಲೆ ಏನಾಗ್ತದ?’ ಎಂದು ಕೈಚೆಲ್ಲಿದರೆ, ಅವರು ಟ್ರಂಕು ತೆರೆದು ಅದನ್ನು ತೋರಿಸುತ್ತಾರೆ.